ಸೀಸನ್ ಪಾಸೋ, ಬಿಡಿ ಟಿಕೆಟ್ಟೋ? ಮುಂಬೈ, ಗೋವಾ, ಪುಣೆಯ ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ಲೆಕ್ಕ

ಸೀಸನ್ ಪಾಸ್ ಮಾರಾಟಕ್ಕೆ ಬಿಟ್ಟ ದಿನ ಕ್ಲಬ್‌ಗಳು ತೋರಿಸುವ ಗಣಿತ ಒಂದೇ. ಪಾಸಿನ ದರವನ್ನು ತವರಿನ ಒಟ್ಟು ಪಂದ್ಯಗಳಿಂದ ಭಾಗಿಸಿ, ಬಂದ ಮೊತ್ತವನ್ನು ಬಿಡಿ ಟಿಕೆಟ್ಟಿನ ಪಕ್ಕದಲ್ಲಿಟ್ಟು, 'ನೋಡಿ, ಇಷ್ಟು ಉಳಿತಾಯ' ಎನ್ನುತ್ತವೆ. ಭಾಗಾಕಾರವೇನೋ ಸರಿ, ಭಾಜಕ ಮಾತ್ರ ತಪ್ಪು. ಡೊಂಬಿವಲಿಯಲ್ಲಿ ಮನೆ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಆಫೀಸು ಇರುವವರು ಬುಧವಾರ ರಾತ್ರಿ ಏಳೂವರೆಯ ಪಂದ್ಯಕ್ಕೆ ಎಷ್ಟು ಸಲ ಅಂಧೇರಿ ಮುಟ್ಟಬಲ್ಲರೋ ಅದು ನಿಜವಾದ ಭಾಜಕ. ಕ್ಲಬ್ 12 ಎಂದು ಬರೆದುಕೊಂಡರೂ ನಿಮ್ಮ ಪಾಲಿಗೆ ಅದು 5 ಆಗಿರಬಹುದು.

ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಎರಡು ತವರು ಮೈದಾನಗಳು ಈ ಭಾಗದಲ್ಲಿವೆ. ಒಂದು, ಮುಂಬೈ ಸಿಟಿ ಎಫ್‌ಸಿ 2016ರಿಂದ ಆಡುತ್ತಿರುವ ಅಂಧೇರಿ ಪಶ್ಚಿಮದ ಮುಂಬೈ ಫುಟ್‌ಬಾಲ್ ಅರೀನಾ. ಇನ್ನೊಂದು, ಎಫ್‌ಸಿ ಗೋವಾದ ಫತೋರ್ಡಾ. ಪುಣೆಗೆ ತವರೇ ಇಲ್ಲ. ಬಾಲೆವಾಡಿಯಲ್ಲಿ ಆಡುತ್ತಿದ್ದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಬಾಗಿಲು ಹಾಕಿತು. ಮುಂದೆ ಓದಲು ಪುರಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಮಡಗಾಂವ್, ವಾಸ್ಕೊ ಕಡೆಯವರು ಹೆಚ್ಚು ಯೋಚಿಸದೆ ಪಾಸ್ ಕೊಳ್ಳಬಹುದು. ಮುಂಬೈಯಲ್ಲಿ ಒಂದೇ ಲೋಕಲ್ ಅಥವಾ ಒಂದೇ ಮೆಟ್ರೊದಲ್ಲಿ ಅಂಧೇರಿ ತಲುಪುವವರು ಲೆಕ್ಕ ಹಾಕಿ ಕೊಳ್ಳಬಹುದು. ಪುಣೆ, ಕಾರವಾರ, ನವಿ ಮುಂಬೈನವರಿಗೆ ಬಿಡಿ ಟಿಕೆಟ್ಟೇ ಸರಿ.

ಎಷ್ಟು ಪಂದ್ಯ, ಯಾರ ಪಂದ್ಯ

ದರ ನೋಡುವ ಮೊದಲು ತವರಿನ ಪಂದ್ಯಗಳ ಸಂಖ್ಯೆ ನೋಡಿ. ಅದು ವರ್ಷ ವರ್ಷ ಬದಲಾಗುತ್ತದೆ. ಲೀಗ್ ಶುರುವಾದ 2014ರಲ್ಲಿ ಎಂಟು ತಂಡಗಳಿದ್ದವು, ಪ್ರತಿ ತಂಡಕ್ಕೂ ತವರಿನಲ್ಲಿ 7 ಪಂದ್ಯ. 2022-23ರಲ್ಲಿ ಅದು 10 ಆಯಿತು, 2023-24ರಲ್ಲಿ 11, ಹದಿಮೂರು ತಂಡಗಳಾದ 2024-25ರಲ್ಲಿ 12. ಹೀಗೆ ಏರುತ್ತಲೇ ಬಂದದ್ದು 2025-26ರಲ್ಲಿ ದಡಕ್ಕನೆ ಕುಸಿಯಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಮುಂದೇನು ಎಂಬುದು ಬಗೆಹರಿಯದೆ ಜುಲೈನಲ್ಲೇ ಟೂರ್ನಿ ತಡೆಹಿಡಿಯಲ್ಪಟ್ಟಿತು. ಕೊನೆಗೆ 14 ತಂಡ, ಒಂದೇ ಸುತ್ತು, ಒಟ್ಟು 91 ಪಂದ್ಯಗಳ ಚಿಕ್ಕ ಲೀಗಾಗಿ 2026ರ ಫೆಬ್ರವರಿ 14ಕ್ಕೆ ದಿನ ಗೊತ್ತಾಯಿತು. ತಂಡಕ್ಕೆ 13 ಪಂದ್ಯ ಅಂದಮೇಲೆ ಲೆಕ್ಕದ ಪ್ರಕಾರ ತವರಿಗೆ ಸಿಗುವುದು 6 ಅಥವಾ 7.

ಒಂದೇ ಸುತ್ತಿನ ಲೀಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಎದುರಾಳಿಯೂ ನಿಮ್ಮೂರಿಗೆ ಬರುವುದಿಲ್ಲ. ಮೋಹನ್ ಬಾಗಾನ್, ಕೇರಳ ಬ್ಲಾಸ್ಟರ್ಸ್, ಬೆಂಗಳೂರು ಎಫ್‌ಸಿ ಈ ಮೂರೂ ಆ ವರ್ಷ ನಿಮ್ಮ ತಂಡವನ್ನು ತಮ್ಮೂರಿಗೇ ಕರೆಸಿಕೊಂಡರೆ ಪಾಸಿನ ಅರ್ಧ ಸತ್ವ ಹೋದಂತೆ. ಹಾಗಾಗಿ ವೇಳಾಪಟ್ಟಿ ಹೊರಬೀಳುವ ಮುಂಚೆ 'ಅರ್ಲಿ ಬರ್ಡ್' ರಿಯಾಯಿತಿಗೆ ಕೈಹಾಕುವುದು ಎರಡು ಸುತ್ತಿನ ಲೀಗ್‌ನಲ್ಲಿ ಜಾಣತನ. ಒಂದೇ ಸುತ್ತಿನದ್ದರಲ್ಲಿ ಅದು ಜೂಜು.

ಈಗ ಅಂಕಿ. ಇವು ಬರೀ ಲೆಕ್ಕಕ್ಕಾಗಿ ಇಟ್ಟುಕೊಂಡ ದರಗಳು. ನಿಮ್ಮ ವರ್ಷದ ದರ ಹಾಕಿ ಮತ್ತೆ ಮಾಡಿಕೊಳ್ಳಿ. ಬಿಡಿ ಟಿಕೆಟ್ 350 ರೂಪಾಯಿ, ಅದರ ಮೇಲೆ ಆ್ಯಪ್‌ನ ಬುಕಿಂಗ್ ಶುಲ್ಕ 40, ಒಟ್ಟು 390 ಎಂದಿಟ್ಟುಕೊಳ್ಳೋಣ. ಪಾಸನ್ನು ಕ್ಲಬ್ ಪಂದ್ಯಕ್ಕೆ 250ರ ದರದಲ್ಲಿ ಮಾರುತ್ತಿದೆ. ತವರಿನಲ್ಲಿ 12 ಪಂದ್ಯವಿದ್ದರೆ ಪಾಸ್ 3,000. ಅದನ್ನು 390ರಿಂದ ಭಾಗಿಸಿದರೆ 7.7. ಅಂದರೆ ಎಂಟು ಪಂದ್ಯ ನೋಡಿದರೆ ಹಾಕಿದ ದುಡ್ಡು ಹುಟ್ಟುತ್ತದೆ, ನಾಲ್ಕು ತಪ್ಪಿಸಬಹುದು. ತವರಿನಲ್ಲಿ 7 ಪಂದ್ಯವಿದ್ದರೆ ಪಾಸ್ 1,750. ಐದು ನೋಡಬೇಕು, ಎರಡೇ ತಪ್ಪಿಸಬಹುದು. ದರದಲ್ಲಿ ವ್ಯತ್ಯಾಸವಿಲ್ಲ, ರಿಯಾಯಿತಿಯೂ ಅಷ್ಟೇ, ಆದರೆ ಕೈತಪ್ಪಲು ಇರುವ ಜಾಗ ಅರ್ಧವಾಯಿತು. ಚಿಕ್ಕ ಸೀಸನ್‌ನ ಪಾಸ್ ಅಗ್ಗವಾಗಿ ಕಂಡರೂ ಅದೇ ಹೆಚ್ಚು ಕಟ್ಟುನಿಟ್ಟಿನದು.

ಇಲ್ಲಿ ನೆಲೆಸಿರುವ ಕರ್ನಾಟಕದ ನಮ್ಮವರ ಕ್ಯಾಲೆಂಡರಿಗೆ ಬೇರೆಯೇ ತೊಡಕಿದೆ. ಫುಟ್‌ಬಾಲ್ ಸೀಸನ್ನೂ ತುಳುನಾಡಿನ ಸೀಸನ್ನೂ ಒಂದೇ. ಮಳೆ ನಿಂತ ಮೇಲೆ ಊರಲ್ಲಿ ನೇಮ, ಕೋಲ, ಬಯಲಾಟದ ಹರಕೆ, ಬ್ರಹ್ಮಕಲಶ. ಏಪ್ರಿಲ್ ಮೇ ಬಂದರೆ ಸಾಲು ಸಾಲು ಮದುವೆ. ಮೀರಾ ರೋಡ್, ಭಾಯಂದರ್ ಕಡೆಯ ಹೋಟೆಲಿನವರಿಗೆ, ಬ್ಯಾಂಕಿನವರಿಗೆ ವರ್ಷಕ್ಕೆ ಮೂರು ಸಲವಾದರೂ ಊರಿನ ರೈಲು ಹತ್ತುವುದು ಇದ್ದದ್ದೇ. ಗೋವಾದಲ್ಲಿರುವ ಧಾರವಾಡ, ಬೆಳಗಾವಿ, ವಿಜಯಪುರದವರಿಗೆ ಸವದತ್ತಿ ಎಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಿಡುವಂತಿಲ್ಲ. ವೇಳಾಪಟ್ಟಿ ಕೈಗೆ ಬಂದೊಡನೆ ಮನೆಯ ಗೋಡೆ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ಪಂದ್ಯದ ಎದುರು 'ಖಂಡಿತ', 'ನೋಡೋಣ', 'ಆಗದು' ಎಂದು ಗುರುತು ಹಾಕಿ. 'ನೋಡೋಣ'ಗಳನ್ನು ಅರ್ಧ ಎಂದು ಎಣಿಸುವುದು ಬರೀ ಆಸೆ. ಮೂರಕ್ಕೆ ಒಂದು ಎನ್ನುವುದೇ ಸರಿಯಾಗಿ ಬರುತ್ತದೆ.

ಅಂಧೇರಿ: ಮೈದಾನ ಚಿಕ್ಕದು, ದಾರಿ ದೊಡ್ಡದು

ಅಂಧೇರಿಯ ಅರೀನಾದಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಆಸನಗಳು. ಸುತ್ತ ಓಟದ ಟ್ರ್ಯಾಕ್ ಇಲ್ಲ, ಪ್ರೇಕ್ಷಕರು ಗೆರೆಗೆ ಹತ್ತಿರ. ಬೆಂಗಳೂರಿನ ಕಂಠೀರವದಲ್ಲಿ ಟ್ರ್ಯಾಕ್ ದಾಟಿಸಿ ಆಟ ನೋಡಿ ಅಭ್ಯಾಸವಿದ್ದವರಿಗೆ ಇಲ್ಲಿ ಕಾಲಿಗೆ ಚೆಂಡು ತಾಗುವ ಸದ್ದೂ ಕೇಳಿಸುತ್ತದೆ. ಹೀಗಾಗಿ ಇಲ್ಲಿ ಅಗ್ಗದ ಸ್ಟ್ಯಾಂಡ್ ಎಂದರೆ ಕೆಟ್ಟ ನೋಟ ಎಂದೇನಿಲ್ಲ. ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಹಾಡು, ಡೋಲು, ತೊಂಬತ್ತು ನಿಮಿಷ ನಿಂತೇ ನೋಡುವ ಪಡೆ. ಆಟದ ವಿನ್ಯಾಸ ಕಾಣಬೇಕೆಂದರೆ ಉದ್ದದ ಬದಿಯಲ್ಲಿ, ನಡುಗೆರೆಯಿಂದ ಹತ್ತಿಪ್ಪತ್ತು ಮೀಟರ್ ಆಚೀಚೆ. ಎಲ್ಲಿಯಾದರೂ ಸರಿ, ಮೊದಲ ನಾಲ್ಕೈದು ಸಾಲು ಬಿಡಿ. ಜಾಹೀರಾತು ಫಲಕಗಳು, ಓಡಾಡುವ ಭದ್ರತೆಯವರು, ಬದಲಿ ಆಟಗಾರರು ಹತ್ತಿರದ ಗೆರೆಯನ್ನೇ ಮರೆ ಮಾಡುತ್ತಾರೆ. ಎಂಟರಿಂದ ಹದಿನೈದನೇ ಸಾಲು ಹದವಾದ ಎತ್ತರ.

ಕೆಲವು ಪಾಸ್‌ಗಳಲ್ಲಿ ಆಸನದ ಸಂಖ್ಯೆ ಇರುತ್ತದೆ, ಕೆಲವದರಲ್ಲಿ ಸ್ಟ್ಯಾಂಡಿನ ಹೆಸರಷ್ಟೇ. ಇವೆರಡರ ನಡುವೆ ದರದಲ್ಲಿ ನೂರಿನ್ನೂರು ವ್ಯತ್ಯಾಸವಿದ್ದರೂ ಮೌಲ್ಯ ಬಹಳ ಬೇರೆ. ಆಸನ ಗೊತ್ತಿದ್ದರೆ ಪಂದ್ಯ ಶುರುವಾಗುವ ಹತ್ತು ನಿಮಿಷ ಮೊದಲು ಹೋದರೂ ನಡೆಯುತ್ತದೆ. ಬರೀ ಸ್ಟ್ಯಾಂಡ್ ಎಂದಿದ್ದರೆ ಒಳ್ಳೆಯ ಜಾಗಕ್ಕೆ ಆರೂವರೆಗೇ ಗೇಟಿನಲ್ಲಿರಬೇಕು. ಆಫೀಸಿನವರಿಗೆ ಅದು ಆಗುವ ಮಾತಲ್ಲ.

ದಾರಿಯ ವಿಚಾರಕ್ಕೆ ಬರೋಣ, ಏಕೆಂದರೆ ಮುಂಬೈಯಲ್ಲಿ ಪಾಸ್ ವ್ಯರ್ಥವಾಗುವುದು ಹೆಚ್ಚಾಗಿ ದಾರಿಯಲ್ಲೇ. ಮೈದಾನಕ್ಕೆ ಹತ್ತಿರದ ನಿಲ್ದಾಣ ವರ್ಸೋವಾ–ಘಾಟ್ಕೋಪರ್ ಮೆಟ್ರೊದ ಆಜಾದ್ ನಗರ. ಅಲ್ಲಿಂದ ಹತ್ತು ನಿಮಿಷದ ನಡಿಗೆ. ಠಾಣೆ, ಮುಲುಂಡ್, ಡೊಂಬಿವಲಿಯವರು ಸೆಂಟ್ರಲ್ ಲೈನಿನಲ್ಲಿ ಘಾಟ್ಕೋಪರ್‌ಗೆ ಬಂದು ಮೆಟ್ರೊ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ಆಜಾದ್ ನಗರ. ಬೊರಿವಲಿ, ಮೀರಾ ರೋಡಿನವರು ಅಂಧೇರಿಯಲ್ಲಿಳಿದು ಮೆಟ್ರೊದಲ್ಲಿ ಒಂದೇ ಸ್ಟೇಷನ್ ಮುಂದೆ ಹೋದರಾಯಿತು. ವಾಶಿ, ನೆರೂಲ್‌ನವರು ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿಂದ ಘಾಟ್ಕೋಪರ್, ಆಮೇಲೆ ಮೆಟ್ರೊ ಎಂದು ಎರಡು ಸಲ ಬದಲಿಸಬೇಕು. ಒಂದು ಬದಲಾವಣೆಯನ್ನು ಮನುಷ್ಯ ಸಹಿಸುತ್ತಾನೆ. ಎರಡಾದರೆ ನಾಲ್ಕನೇ ಪಂದ್ಯದ ಹೊತ್ತಿಗೆ ಟಿವಿಯೇ ಸಾಕೆನಿಸುತ್ತದೆ. ಕಾರಿನಲ್ಲಿ ಬರುವವರು ಸಂಜೆ ಆರರಿಂದ ಎಂಟರ ತನಕ ಲಿಂಕ್ ರೋಡ್, ವೀರಾ ದೇಸಾಯಿ ರೋಡ್ ಹೇಗಿರುತ್ತದೆಂದು ಒಮ್ಮೆ ನೋಡಿ ಬಂದು ಆಮೇಲೆ ಪಾಸಿನ ಮಾತು ಎತ್ತಲಿ.

ಏಳೂವರೆಗೆ ಶುರುವಾದ ಆಟ ಮುಗಿಯುವಾಗ ಒಂಬತ್ತೂ ಇಪ್ಪತ್ತು, ಇಪ್ಪತ್ತೈದು. ಗೇಟಿನಿಂದ ಹೊರಬಂದು ಮೆಟ್ರೊ ಪ್ಲಾಟ್‌ಫಾರಂ ಮುಟ್ಟುವಾಗ ಹತ್ತರ ಹತ್ತಿರ. ಡೊಂಬಿವಲಿಯ ಮನೆ ಸೇರುವಾಗ ಹನ್ನೊಂದೂವರೆ. ಮರುದಿನ 7.50ರ ಫಾಸ್ಟ್ ಲೋಕಲ್ ಹಿಡಿಯುವವರಿಗೆ ವಾರದ ನಡುವಿನ ಪಂದ್ಯಗಳು 'ನೋಡೋಣ' ಕೂಡ ಅಲ್ಲ, 'ಆಗದು'.

ಸಣ್ಣ ಸಂಗತಿ, ಆದರೆ ಹೊಸಬರು ಮೊದಲ ದಿನವೇ ಎಡವುವುದು ಇಲ್ಲಿ: ಚೀಲ. ಸ್ಟೇಡಿಯಂ ಗೇಟಿನಲ್ಲಿ ಲ್ಯಾಪ್‌ಟಾಪ್, ದೊಡ್ಡ ಬ್ಯಾಗು, ಪವರ್ ಬ್ಯಾಂಕ್, ನೀರಿನ ಬಾಟಲಿ, ಕೆಲವೊಮ್ಮೆ ಚಿಲ್ಲರೆ ನಾಣ್ಯಗಳನ್ನೂ ತಡೆಯುತ್ತಾರೆ, ಇಡಲು ಜಾಗ ಮಾತ್ರ ಕೊಡುವುದಿಲ್ಲ. ಆಫೀಸಿನಿಂದ ನೇರ ಬಂದವರು ಎದುರಿನ ಪಾನ್ ಅಂಗಡಿಯವನನ್ನು ಕಾಡಿ ಬೇಡಿ ಚೀಲ ಇಟ್ಟು ಒಳಹೋಗುವ ದೃಶ್ಯ ಸಾಮಾನ್ಯ. ಪಂದ್ಯದ ದಿನ ಲ್ಯಾಪ್‌ಟಾಪ್ ಆಫೀಸಿನ ಡ್ರಾಯರಿನಲ್ಲೇ ಬಿಡುವ ವ್ಯವಸ್ಥೆ ಇಲ್ಲದಿದ್ದರೆ ನಿಮ್ಮ ಪಾಸ್ ಶನಿವಾರ, ಭಾನುವಾರಕ್ಕಷ್ಟೇ ಎಂದು ತಿಳಿಯಿರಿ.

ಇಷ್ಟೆಲ್ಲ ಇದ್ದರೂ ಅಂಧೇರಿಯಲ್ಲಿ ಪಾಸಿಗೆ ಒಂದು ಗಟ್ಟಿ ಕಾರಣವಿದೆ. ಮೈದಾನ ಚಿಕ್ಕದಾದ್ದರಿಂದ ದೊಡ್ಡ ಪಂದ್ಯಗಳ ಟಿಕೆಟ್ ಬೇಗ ಖಾಲಿ. ಕೇರಳ ಬ್ಲಾಸ್ಟರ್ಸ್ ಬಂದ ದಿನ ಇಡೀ ಮುಂಬೈಯ ಮಲಯಾಳಿಗಳು ಹಳದಿ ತೊಟ್ಟು ಬರುತ್ತಾರೆ, ಮುಂಬೈ ತಂಡದ ಆಕಾಶನೀಲಿ ಹುಡುಕಬೇಕಾಗುತ್ತದೆ. ಅಂಥ ಪಂದ್ಯಗಳು ನಿಮಗೆ ಬೇಕಿದ್ದರೆ ಪಾಸ್ ಕೊಡುವುದು ರಿಯಾಯಿತಿಯಲ್ಲ, ಕಾದಿಟ್ಟ ಕುರ್ಚಿ. ಅದೇ ತಳದ ತಂಡವೊಂದು ಮಂಗಳವಾರ ಬಂದರೆ ಬಿಡಿ ಟಿಕೆಟ್ಟಿಗೆ ಒಂದಕ್ಕೊಂದು ಉಚಿತ, ಕೊನೆಯ ದಿನದ ಕಡಿತ, ಸ್ಪಾನ್ಸರ್ ಕಡೆಯ ಪುಕ್ಕಟೆ ಟಿಕೆಟ್ ಎಂದು ಏನಾದರೊಂದು ಸಿಗುತ್ತದೆ. ಪಾಸಿನವರೇ ಆ ದಿನ ಹೆಚ್ಚು ಕೊಟ್ಟಂತಾಗುತ್ತದೆ. ಹೀಗಾಗಿ ಹೋಲಿಸುವಾಗ ಎಲ್ಲ ಪಂದ್ಯಕ್ಕೂ ಒಂದೇ ಬಿಡಿ ದರ ಹಿಡಿಯಬೇಡಿ. ದೊಡ್ಡ ಪಂದ್ಯ ಮೂರಕ್ಕೆ ಹೆಚ್ಚಿನ ದರ, ಉಳಿದವಕ್ಕೆ ಕಡಿಮೆ ದರ ಇಟ್ಟು ನೋಡಿ.

ಫತೋರ್ಡಾ: ಪಾಸ್ ಹುಟ್ಟಿದ್ದೇ ಇಂಥ ಊರಿಗೆ

1989ರಲ್ಲಿ ತೆರೆದ ಫತೋರ್ಡಾದ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ ಸುಮಾರು 19,000 ಆಸನಗಳು. ಮಡಗಾಂವ್‌ನ ಕದಂಬ ಬಸ್ ನಿಲ್ದಾಣ ಹತ್ತಿರವೇ, ರೈಲು ನಿಲ್ದಾಣದಿಂದ ಪೈಲಟ್ ಹಿಡಿದರೆ ಹತ್ತು ಹದಿನೈದು ನಿಮಿಷ. ಹೊಸಬರಿಗೆ ಹೇಳಬೇಕು, ಗೋವಾದಲ್ಲಿ ಪೈಲಟ್ ಎಂದರೆ ಬಾಡಿಗೆ ಬೈಕಿನವರು. ಮೈದಾನ ದೊಡ್ಡದು, ಊರು ಚಿಕ್ಕದು, ಫುಟ್‌ಬಾಲ್ ಇಲ್ಲಿಯ ಮನೆಮಾತು. ಅಂಧೇರಿಯ ಲೆಕ್ಕ ಇಲ್ಲಿ ತಿರುಗುಮುರುಗಾಗುತ್ತದೆ: ಟಿಕೆಟ್ ಸಿಗದೇ ಹೋದೀತು ಎಂಬ ಭಯ ಕಡಿಮೆ, ಆದರೆ ಹೋಗಿ ಬರುವುದು ಸುಲಭವಾದ್ದರಿಂದ ಪಂದ್ಯ ತಪ್ಪುವುದೂ ಕಡಿಮೆ. ಭಾಜಕ ತಾನಾಗಿಯೇ ದೊಡ್ಡದಾಗುತ್ತದೆ.

ಕನ್ನಡಿಗರು ಹೆಚ್ಚಿರುವ ವಾಸ್ಕೊ, ಬಾಯ್ನಾ, ಜುವಾರಿ ನಗರದಿಂದ ಫತೋರ್ಡಾ ಮೂವತ್ತು ಕಿ.ಮೀ. ಒಳಗೆ. ಪಣಜಿಯಿಂದಲೂ ಹೆಚ್ಚುಕಡಿಮೆ ಅಷ್ಟೇ, ಹೊಸ ಜುವಾರಿ ಸೇತುವೆ ಆದಮೇಲೆ ಕೊರ್ತಾಲಿಮ್ ಬಳಿ ಗಂಟೆಗಟ್ಟಲೆ ನಿಲ್ಲುವ ಗೋಳು ತಪ್ಪಿದೆ. ಮಾಪುಸಾದವರಿಗೆ ನಲವತ್ತೈದು ಕಿ.ಮೀ. ದಾಟುತ್ತದೆ. ಸಂಕಟ ಒಂದೇ, ಮರಳುವ ದಾರಿ. ರಾತ್ರಿ ಒಂಬತ್ತೂವರೆಗೆ ಗೋವಾದಲ್ಲಿ ಬಸ್ಸು ಸಿಗುತ್ತದೆಂದು ನಂಬಿ ಪಾಸ್ ಕೊಳ್ಳಬೇಡಿ. ಸ್ವಂತ ಗಾಡಿ ಇರಬೇಕು, ಇಲ್ಲವೇ ಗಾಡಿಯಿರುವ ಗೆಳೆಯನ ಪಕ್ಕದ ಸೀಟಿನ ಪಾಸ್ ನಿಮ್ಮದಾಗಬೇಕು.

ಸ್ಟ್ಯಾಂಡ್ ಆರಿಸುವಾಗ ಸೂರ್ಯನನ್ನು ಮರೆಯುವವರು ಬಹಳ. ಪೂರ್ವದ ಸ್ಟ್ಯಾಂಡಿನಲ್ಲಿ ಕೂತವರ ಮುಖ ಪಶ್ಚಿಮಕ್ಕೆ. ಏಳೂವರೆಯ ಪಂದ್ಯಕ್ಕೆ ಅದು ಲೆಕ್ಕಕ್ಕಿಲ್ಲ. ಸಂಜೆ ಐದರ ಪಂದ್ಯವಾದರೆ ಮೊದಲ ಅರ್ಧವಿಡೀ ಬಿಸಿಲು ಕಣ್ಣಿಗೇ ಬಡಿಯುತ್ತದೆ. ವೇಳಾಪಟ್ಟಿಯಲ್ಲಿ ಐದು ಗಂಟೆಯವು ಮೂರಕ್ಕಿಂತ ಹೆಚ್ಚಿದ್ದರೆ ಪಶ್ಚಿಮಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಆದರೆ ಫತೋರ್ಡಾದ ಗದ್ದಲ ಕುಳಿತಿರುವುದು ಪೂರ್ವದ ಕೆಳ ಸ್ಟ್ಯಾಂಡಿನಲ್ಲಿ, ಅಲ್ಲಿಯ ಅಭಿಮಾನಿ ಬಳಗದ ಹೆಸರೇ ಈಸ್ಟ್ ಲೋವರ್ ಆರ್ಮಿ. ಟೋಪಿ ಹಾಕಿಕೊಂಡು ಅಲ್ಲಿಗೇ ಹೋಗುವುದು ಇನ್ನೊಂದು ದಾರಿ.

ಪಾಸ್ ಬೇಡವೆನ್ನುವವರಿಗೆ ಗೋವಾದಲ್ಲಿ ಬೇರೆಲ್ಲೂ ಇಲ್ಲದ ಪರ್ಯಾಯವೂ ಇದೆ. ಡೆಂಪೊ, ಸಾಲ್ಗಾವ್ಕರ್, ಚರ್ಚಿಲ್ ಬ್ರದರ್ಸ್, ಸ್ಪೋರ್ಟಿಂಗ್ ಆಡುವ ರಾಜ್ಯ ಲೀಗ್ ವಾಸ್ಕೊದ ತಿಲಕ್ ಮೈದಾನ, ಮಾಪುಸಾದ ದುಲೇರ್ ಮುಂತಾದ ಕಡೆ ನಡೆಯುತ್ತದೆ. ಬಾಯ್ನಾದವರಿಗೆ ತಿಲಕ್ ಮೈದಾನ ನಡೆದುಹೋಗುವಷ್ಟು ದೂರ. ಫತೋರ್ಡಾಕ್ಕೆ ಮೂರು ದೊಡ್ಡ ಪಂದ್ಯಕ್ಕಷ್ಟೇ ಬಿಡಿ ಟಿಕೆಟ್, ಉಳಿದ ಹಸಿವಿಗೆ ರಾಜ್ಯ ಲೀಗ್: ದುಡ್ಡಿಗೆ ತಕ್ಕ ಫುಟ್‌ಬಾಲ್ ಎಂದರೆ ಇದಕ್ಕಿಂತ ಒಳ್ಳೆಯದು ಈ ಕರಾವಳಿಯಲ್ಲಿ ಸಿಗದು.

ಕಾರವಾರದವರು ಕೇಳುವುದುಂಟು. ಎಪ್ಪತ್ತು ಕಿ.ಮೀ. ಚಿಲ್ಲರೆ, ಕಾಣಕೋಣ ದಾಟಿದರೆ ಆಯಿತು. ನಾಲ್ಕು ಜನ ಒಂದು ಕಾರಿನಲ್ಲಿ ಬಂದರೆ ಪೆಟ್ರೋಲು ಸಾವಿರದ ಆಸುಪಾಸು, ತಲೆಗೆ 250. ಆದರೆ ನಾಲ್ವರಿಗೂ ಒಂದೇ ದಿನ ಬಿಡುವಿರಬೇಕು. ಅಂಥ ನಾಲ್ಕು ದಿನ ಸಿಕ್ಕರೆ ಹೆಚ್ಚು. ಬಿಡಿ ಟಿಕೆಟ್ ಸಾಕು.

ಪುಣೆ

ಪುಣೆಯವರಿಗೆ ಟಿಕೆಟ್ಟಿನ ದರವೇ ಅತಿ ಸಣ್ಣ ಖರ್ಚು. ಬಾಲೆವಾಡಿಯಿಂದ ಅಂಧೇರಿಗೆ ಹೋಗಿ ಬರಲು ಸುಮಾರು 300 ಕಿ.ಮೀ., ಲೀಟರಿಗೆ ಹದಿನೈದು ಎಂದರೂ 20 ಲೀಟರ್, ಎರಡು ಸಾವಿರದ ಮೇಲೆ. ಎಕ್ಸ್‌ಪ್ರೆಸ್‌ವೇ ಟೋಲ್ 2023ರ ಏಪ್ರಿಲ್‌ನಲ್ಲಿ ಕಾರಿಗೆ ಒಂದು ಕಡೆಗೆ 320 ಆಯಿತು, ಎರಡೂ ಕಡೆ ಸೇರಿ 640. ಮುಂಬೈ ಪ್ರವೇಶದ ಟೋಲ್ 2024ರ ಅಕ್ಟೋಬರ್‌ನಿಂದ ಕಾರುಗಳಿಗೆ ಇಲ್ಲ, ಅಷ್ಟು ಪುಣ್ಯ. ನಾಲ್ವರು ಹಂಚಿಕೊಂಡರೂ ತಲೆಗೆ 680ರ ಹತ್ತಿರ ದಾರಿಗೇ ಹೋಯಿತು. ಪಾಸಿನಲ್ಲಿ ಪಂದ್ಯಕ್ಕೆ ನೂರು ರೂಪಾಯಿ ಉಳಿಸಲು ಏಳುನೂರು ಸುರಿಯುವುದು ಯಾವ ಲೆಕ್ಕ? ವರ್ಷಕ್ಕೆ ಎರಡು ಶನಿವಾರ ಆರಿಸಿ, ಉದ್ದದ ಬದಿಯ ದುಬಾರಿ ಸೀಟನ್ನೇ ಬಿಡಿಯಾಗಿ ಕೊಳ್ಳಿ. ಅಷ್ಟು ದೂರ ಹೋಗಿ ಕಂಬದ ಹಿಂದೆ ಕೂರುವುದು ಬೇಡ.

ಪಾಸಿನಲ್ಲಿ ಇರದ ಪಂದ್ಯಗಳು

'ಎಲ್ಲ ತವರಿನ ಪಂದ್ಯ' ಎಂಬ ಮಾತಿಗೆ ಸಾಮಾನ್ಯವಾಗಿ ಲೀಗ್ ಹಂತ ಎಂದಷ್ಟೇ ಅರ್ಥ. ನಾಕೌಟ್, ಸೆಮಿಫೈನಲ್, ಸೂಪರ್ ಕಪ್, ಏಷ್ಯಾದ ಟೂರ್ನಿಗಳು ಹೊರಗೆ. ಇದರಲ್ಲಿ ಕೊನೆಯದ್ದೇ ಹೆಚ್ಚು ಜನರನ್ನು ಕುಣಿಸಿದೆ. 2023ರಲ್ಲಿ ಮುಂಬೈ ಸಿಟಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಆಡಿದಾಗ ತವರಿನ ಪಂದ್ಯಗಳು ಅಂಧೇರಿಯಲ್ಲಿ ನಡೆಯಲೇ ಇಲ್ಲ. ಇರಾನಿನ ನಸ್ಸಾಜಿ ವಿರುದ್ಧದ್ದು ಬಾಲೆವಾಡಿಯಲ್ಲಿ, ನವೆಂಬರ್ 6ರಂದು ನೇಮಾರ್ ಸೇರಿದ್ದ ಸೌದಿಯ ಅಲ್ ಹಿಲಾಲ್ ವಿರುದ್ಧದ್ದು ನೆರೂಲಿನ ಡಿ.ವೈ. ಪಾಟೀಲ್‌ನಲ್ಲಿ. ನೇಮಾರ್ ಬರುತ್ತಾನೆ ಎಂದು ಇಡೀ ಊರು ಕಾದಿತ್ತು. ಅಕ್ಟೋಬರ್‌ನಲ್ಲೇ ಅವನ ಮೊಣಕಾಲು ಹೋಯಿತು. ಎರಡು ವರ್ಷದ ನಂತರ ಫತೋರ್ಡಾದಲ್ಲಿ ಅದೇ ಕಥೆ. 2025ರ ಅಕ್ಟೋಬರ್ 22ರಂದು ಸೌದಿಯ ಅಲ್ ನಸ್ರ್ ಬಂದಿತು, ಅದರ ರೊನಾಲ್ಡೊ ಬರಲಿಲ್ಲ. ಗೋವಾ 1–2ರಲ್ಲಿ ಸೋತರೂ ಬ್ರೈಸನ್ ಫರ್ನಾಂಡಿಸ್ ಹೊಡೆದ ಗೋಲು ನೋಡಿದವರಿಗೆ ದುಡ್ಡು ದಂಡವಾಗಲಿಲ್ಲ ಅನ್ನಿ. ಆಟಗಾರನ ಹೆಸರಿಗೆ ದುಡ್ಡು ಕೊಡಬೇಡಿ, ತಂಡದ ಹೆಸರಿಗೆ ಕೊಡಿ. ಮತ್ತು ಪಾಸ್ ಇದ್ದವರಿಗೆ ಇಂಥ ಪಂದ್ಯಕ್ಕೆ ಮೊದಲ ಹಕ್ಕು ಇದೆಯೇ ಎಂದು ಕೇಳಿ. 24 ಗಂಟೆ ಮೊದಲೇ ಕೊಳ್ಳುವ ಅವಕಾಶವಿದ್ದರೆ ಅದು ಜೆರ್ಸಿಗಿಂತ ಬೆಲೆಬಾಳುತ್ತದೆ.

ಜೆರ್ಸಿಯ ಮಾತು ಬಂದದ್ದರಿಂದ: ದುಬಾರಿ ಪಾಸ್‌ಗಳಿಗೆ ಜೆರ್ಸಿ, ಸ್ಕಾರ್ಫು, ಅಂಗಡಿಯಲ್ಲಿ ಶೇಕಡಾ ಹತ್ತು ಕಡಿತ ಎಂದೆಲ್ಲ ಸೇರಿಸುತ್ತಾರೆ. ಹೇಗೂ ಜೆರ್ಸಿ ಕೊಳ್ಳುವವರಿದ್ದರೆ ಅದರ ಪೂರ್ತಿ ಬೆಲೆ ಕಳೆಯಿರಿ. ಇಲ್ಲವಾದರೆ ಸೊನ್ನೆ. ಮುಂಬೈ ಸೆಕೆಯಲ್ಲಿ ಸ್ಕಾರ್ಫಿಗೆ ಎಷ್ಟು ಬೆಲೆ ಎಂದು ನೀವೇ ಹೇಳಿ.

ಪಂದ್ಯವೇ ನಡೆಯದಿದ್ದರೆ, ನಡೆದರೂ ಬಾಗಿಲು ಮುಚ್ಚಿದ್ದರೆ? ಇದು ಕಲ್ಪನೆಯಲ್ಲ. 2020ರ ಮಾರ್ಚ್ 14ರ ಫೈನಲ್ ಫತೋರ್ಡಾದಲ್ಲಿ ಖಾಲಿ ಕುರ್ಚಿಗಳ ಮುಂದೆ ನಡೆಯಿತು. 2020-21ರ ಸೀಸನ್ ಪೂರ್ತಿ ಗೋವಾದಲ್ಲೇ ನಡೆದರೂ ಗೋವಾದವರು ಒಂದು ಪಂದ್ಯಕ್ಕೂ ಒಳಗೆ ಹೋಗಲಾಗಲಿಲ್ಲ. ಷರತ್ತುಗಳಲ್ಲಿ ಎರಡು ಸಾಲು ಹುಡುಕಿ: ರದ್ದಾದ ಪಂದ್ಯಕ್ಕೆ ಅನುಪಾತದಲ್ಲಿ ಹಣ ವಾಪಸ್ ಉಂಟೇ, ಮತ್ತು ಮೈದಾನ ಬದಲಾದರೆ ಪಾಸ್ ಅಲ್ಲಿಯೂ ನಡೆಯುತ್ತದೆಯೇ. ಎರಡು ಮೂರು ವರ್ಷಕ್ಕೆ ಒಟ್ಟಿಗೇ ಪಾಸ್ ಮಾರಲು ಬಂದರೆ ದೂರ ಇರಿ. ಪುಣೆಯ ತಂಡ ಮುಚ್ಚಿದ ಮೇಲೆ ಅದರ ಜಾಗಕ್ಕೆ ಬಂದ ಹೈದರಾಬಾದ್ ಕೂಡ 2025ರಲ್ಲಿ ದೆಹಲಿಗೆ ಗಂಟುಮೂಟೆ ಕಟ್ಟಿತು.

ಬೆಂಗಳೂರು ತಂಡದವರು ಏನು ಮಾಡಬೇಕು

ಮುಂಬೈ, ಗೋವಾದ ಕನ್ನಡಿಗರಲ್ಲಿ ಬೆಂಗಳೂರು ಎಫ್‌ಸಿ ಕಡೆಯವರು ಕಡಿಮೆಯೇನಿಲ್ಲ. ಆ ತಂಡ ಮೊದಲ ಐಎಸ್‌ಎಲ್ ಕಪ್ ಎತ್ತಿದ್ದೂ ಅಂಧೇರಿಯಲ್ಲೇ. 2019ರ ಮಾರ್ಚ್ 17ರ ಫೈನಲ್‌ನಲ್ಲಿ ಗೋವಾ ವಿರುದ್ಧ, 117ನೇ ನಿಮಿಷದಲ್ಲಿ, ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟು. ಇಂಥವರಿಗೆ ಆತಿಥೇಯ ಕ್ಲಬ್‌ನ ಪಾಸ್ ಶುದ್ಧ ನಷ್ಟ. ಎದುರಾಳಿ ಬೆಂಬಲಿಗರ ಸ್ಟ್ಯಾಂಡಿಗೆ ಟಿಕೆಟ್ ಬೇರೆ, ಗೇಟು ಬೇರೆ. ಪಾಸ್ ಹಿಡಿದು ಅಲ್ಲಿಗೆ ಹೋಗಲಾಗದು. ತವರಿನವರ ಸ್ಟ್ಯಾಂಡಿನಲ್ಲಿ ಎದುರಾಳಿಯ ಜೆರ್ಸಿ ತೊಟ್ಟವರನ್ನು ಸೆಕ್ಯೂರಿಟಿಯವರು ಎಬ್ಬಿಸುವುದೂ ಉಂಟು. ನಮ್ಮದೂ ನೀಲಿ, ಅವರದೂ ನೀಲಿ ಎಂಬ ವಾದ ಕಿತ್ತಳೆ ಬಣ್ಣದ ಫತೋರ್ಡಾದಲ್ಲಂತೂ ನಡೆಯುವುದಿಲ್ಲ. ಅಭಿಮಾನಿ ಬಳಗದ ಮೂಲಕ ಆ ಒಂದು ಪಂದ್ಯದ ಟಿಕೆಟ್ ತೆಗೆದುಕೊಳ್ಳಿ. ಒಟ್ಟಿಗೆ ಕೂರುವುದಕ್ಕೂ ಅದೇ ಒಳ್ಳೆಯದು.

ಇಂಗ್ಲೆಂಡಿನ ಅಳತೆಗೋಲು ಇಲ್ಲಿ ಹಿಡಿಯುವುದಿಲ್ಲ

ಪ್ರೀಮಿಯರ್ ಲೀಗ್ ನೋಡಿ ಬೆಳೆದವರು ಅಲ್ಲಿಯ ಸೀಸನ್ ಟಿಕೆಟ್ ಮಾತನ್ನು ಇಲ್ಲಿಗೆ ತರುತ್ತಾರೆ. ಅಲ್ಲಿ ಇಪ್ಪತ್ತು ತಂಡ, ತವರಿನಲ್ಲಿ 19 ಪಂದ್ಯ ಖಾತ್ರಿ; ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ಹದಿನೆಂಟು ತಂಡ, 17. ದೊಡ್ಡ ಕ್ಲಬ್‌ಗಳಲ್ಲಿ ಕಾಯುವವರ ಪಟ್ಟಿ ವರ್ಷಗಟ್ಟಲೆ ಉದ್ದ. ಒಮ್ಮೆ ಬಿಟ್ಟರೆ ಕುರ್ಚಿ ಮತ್ತೆ ಸಿಗದು, ಅದಕ್ಕೇ ದರ ಏರಿದರೂ ಗೊಣಗುತ್ತಲೇ ನವೀಕರಿಸುತ್ತಾರೆ. ಇಲ್ಲಿ ಆ ಭಯ ಇಲ್ಲ. ಈ ವರ್ಷ ಬಿಟ್ಟು ಮುಂದಿನ ವರ್ಷ ಕೊಂಡರೂ ಅದೇ ಸ್ಟ್ಯಾಂಡ್ ಸಿಗುತ್ತದೆ, ಆದ್ದರಿಂದ ಹಂಗಿಗೆ ಬಿದ್ದು ಕೊಳ್ಳುವ ಅಗತ್ಯವಿಲ್ಲ. ಅಲ್ಲಿಂದ ಕಲಿಯುವಂಥದ್ದು ಬೇರೆಯದೇ: 2016-17ರಿಂದ ಪ್ರೀಮಿಯರ್ ಲೀಗ್‌ನಲ್ಲಿ ಎದುರಾಳಿ ಬೆಂಬಲಿಗರ ಟಿಕೆಟ್ಟಿಗೆ 30 ಪೌಂಡಿನ ಮಿತಿ ಇದೆ. ದೂರದಿಂದ ಬರುವವನ ಖರ್ಚು ಟಿಕೆಟ್ಟಿನಲ್ಲಿಲ್ಲ, ದಾರಿಯಲ್ಲಿದೆ ಎಂಬುದನ್ನು ಅಭಿಮಾನಿಗಳು ಹೋರಾಡಿ ಒಪ್ಪಿಸಿದ್ದರು.

ಕೊಳ್ಳುವ ದಿನ, ಪಂದ್ಯದ ದಿನ

ಹೋಲಿಸುವಾಗ ಜಾಹೀರಾತಿನ ದರ ಬೇಡ. ಆ್ಯಪ್‌ನಲ್ಲಿ ಹಣ ಕಟ್ಟುವ ಮುಂಚಿನ ಕೊನೆಯ ಪರದೆಯವರೆಗೆ ಹೋಗಿ ತೆರಿಗೆ, ಶುಲ್ಕ ಸೇರಿದ ಮೊತ್ತ ಬರೆದುಕೊಳ್ಳಿ. ಬುಕಿಂಗ್ ಶುಲ್ಕ ಪಾಸಿಗೆ ಒಂದೇ ಸಲ, ಬಿಡಿ ಟಿಕೆಟ್ಟಿಗೆ ಪ್ರತಿ ಸಲ. ಎಂಟು ಪಂದ್ಯಕ್ಕೆ ಇದೇ ಮುನ್ನೂರು ದಾಟುತ್ತದೆ, ಯಾರೂ ಎಣಿಸುವುದಿಲ್ಲ.

ಪಾಸನ್ನು ಬೇರೆಯವರಿಗೆ ಕಳಿಸಬಹುದೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪಂದ್ಯಕ್ಕೊಂದರಂತೆ ಬೇರೆ ಬೇರೆ ಕ್ಯೂಆರ್ ಬರುವ ಪಾಸ್ ಆದರೆ ನೀವು ಊರಿಗೆ ಹೋದ ವಾರ ಭಾವನಿಗೋ ಪಕ್ಕದ ಮನೆಯ ಹುಡುಗನಿಗೋ ಕಳಿಸಬಹುದು, ಒಂದೂ ವ್ಯರ್ಥವಾಗದು. ಇಬ್ಬರು ಗೆಳೆಯರು ಒಂದೇ ಪಾಸ್ ಹಂಚಿಕೊಂಡು ಆರಾರು ಪಂದ್ಯ ನೋಡುವುದೂ ಆಗುತ್ತದೆ. ಮೊದಲೇ ದೊಡ್ಡ ಪಂದ್ಯಗಳನ್ನು ಚೀಟಿ ಎತ್ತಿ ಹಂಚಿಕೊಂಡರೆ ಜಗಳವಿಲ್ಲ. ಹೆಸರು, ಫೋಟೊ ಇರುವ ಕಾರ್ಡಾದರೆ ಇದೆಲ್ಲ ನಡೆಯದು, ಆಗ 'ಖಂಡಿತ' ಎಂದು ಗುರುತು ಹಾಕಿದ ಪಂದ್ಯಗಳಷ್ಟೇ ಲೆಕ್ಕ.

ಸಂಸಾರ ಸಮೇತ ಹೋಗುವವರು ನಾಲ್ಕು ಪಾಸ್ ಕೊಳ್ಳುವ ಬದಲು ಎರಡು ಕೊಂಡು, ಮಕ್ಕಳಿಗೆ ಪರೀಕ್ಷೆ ಇಲ್ಲದ ವಾರ ಬಿಡಿ ಟಿಕೆಟ್ ತೆಗೆಯುವುದು ಅಗ್ಗ. ತೊಡಕೆಂದರೆ ಆಸನ ಸಂಖ್ಯೆ ಇರುವ ಸ್ಟ್ಯಾಂಡಿನಲ್ಲಿ ಅಪ್ಪ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಆಗಿಬಿಡುತ್ತದೆ. ಅದಕ್ಕೆ ಈ ಏರ್ಪಾಡು ಸಂಖ್ಯೆ ಇಲ್ಲದ ಸ್ಟ್ಯಾಂಡಿಗೇ ಹೊಂದುತ್ತದೆ. ಎಷ್ಟು ವಯಸ್ಸಿನ ಮಗುವಿಗೆ ಟಿಕೆಟ್ ಬೇಕು ಎಂಬುದನ್ನು ಮೊದಲೇ ನೋಡಿಕೊಳ್ಳಿ. ತೊಡೆಯ ಮೇಲೆ ಕೂರುವ ಕೂಸಿಗೂ ಕೇಳುವವರಿದ್ದಾರೆ.

ಪಂದ್ಯದ ದಿನ ಗೇಟಿನಲ್ಲಿ ಸಿಕ್ಕಿಬೀಳುವುದು ಎರಡೇ ಕಾರಣಕ್ಕೆ. ಒಂದು, ಕ್ಯೂಆರ್ ತೆರೆಯಬೇಕಾದ ಜಾಗದಲ್ಲಿ ಸಾವಿರಾರು ಜನರ ಫೋನು ಒಂದೇ ಟವರಿಗೆ ಜೋತು ಬಿದ್ದು ನೆಟ್‌ವರ್ಕ್ ಸತ್ತಿರುತ್ತದೆ. ಎರಡು, ಪವರ್ ಬ್ಯಾಂಕ್ ಬಿಟ್ಟು ಬಂದ ದಿನವೇ ಬ್ಯಾಟರಿ ಶೇಕಡಾ ನಾಲ್ಕಕ್ಕೆ ಇಳಿದಿರುತ್ತದೆ. ಮನೆಯಲ್ಲೇ ಕ್ಯೂಆರ್ ತೆರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲವು ಆ್ಯಪ್‌ಗಳ ಕ್ಯೂಆರ್ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಅಲ್ಲಿ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರದು. ಅಂಥದ್ದಾದರೆ ಆಜಾದ್ ನಗರ ಸ್ಟೇಷನ್ನಿನಲ್ಲಿ ಇಳಿದೊಡನೆ, ಸಿಗ್ನಲ್ ಇನ್ನೂ ಇರುವಾಗಲೇ ಆ್ಯಪ್ ತೆರೆದು ಹಾಗೇ ಹಿಡಿದುಕೊಂಡು ನಡೆಯಿರಿ.